ಸಪ್ಪೆ ಸೋಡಾ ಖಾರವಾದದ್ದು

ಮುರುಗಲ ಹಣ್ಣು ಒಡೆದು ಬೀಜ ಬೇರೆ, ಸಿಪ್ಪೆ ಬೇರೆ ಮಾಡುತ್ತಿದ್ದಾಗ ಫೋನು ಬಂತು. ಕೆಂಪಾದ ಕೈಯನ್ನು ಸೆರಗಿಗೆ ತಾಗಿಸದೆ ಹೇಗೋ ಎತ್ತಿಕೊಂಡೆ. ತವರೂರು ಬೊಬ್ರುವಾಡದಿಂದ ತಮ್ಮ. ಅಪ್ಪ ಹೋದ ಮೇಲೆ ಗೋಲಿ ಸೋಡಾ ಮಷಿನ್ನು ಅವನೇ ನಡೆಸುತ್ತಿದ್ದ. ಕಂಪನಿಯ ಪ್ಲಾಸ್ಟಿಕ್ ಬಾಟಲಿ ಬಂದಮೇಲೆ ಅಂಕೋಲೆಯ ಅಂಗಡಿಗಳು ಒಂದೊಂದಾಗಿ ನಮ್ಮ ಸೋಡಾ ಕೊಳ್ಳುವುದನ್ನು ಬಿಟ್ಟಿದ್ದವು. ಉಳಿದದ್ದು ಕಾರವಾರದ ಒಂದು ಹೊಟೇಲು ಮಾತ್ರ.

"ಅಕ್ಕಾ, ಹೊಟೇಲ್ನವ್ರು ಕ್ರೇಟು ವಾಪಸ್ ಕಳ್ಸಿದ್ರು. ಸೋಡಾ ಖಾರ ಅಂತೆ, ಟೆಂಪೋದವ್ನ ಹತ್ರ ಹೇಳಿ ಕಳ್ಸಿದ್ರು."

"ಶುಂಠಿ ಜಾಸ್ತಿ ಆಯ್ತೇನೋ?"

"ಕಮ್ಮಿ ಮಾಡ್ದೆ. ಆದ್ರೂ ಖಾರ ಅಂತೆ. ಇನ್ನೊಂದ್ಸಲ ಹಿಂಗಾದ್ರೆ ಬೇಡ್ವೇ ಬೇಡ ಅಂದಾರೆ. ಮಷಿನ್ ನಿಲ್ಸೋದೇಯ. ನಾಳೆ ಬತ್ತೆ, ನೀನೇ ಕುಡ್ದು ಹೇಳು."

ನೈವೇದ್ಯದ ಅಡುಗೆಯನ್ನು ರುಚಿ ನೋಡದೆ ಮಾಡಿದರೂ ನನ್ನ ಕೈ ತಪ್ಪುವುದಿಲ್ಲವೆಂದು ತವರಿನಲ್ಲಿ ಹೆಸರು. ಅದು ದೇವರು ನಡೆಸಿಕೊಟ್ಟದ್ದು, ನನ್ನ ನಾಲಿಗೆಯ ಗುಣವಲ್ಲ ಎಂದರೆ ತಮ್ಮ ಕೇಳುವವನಲ್ಲ.

ಮರುದಿನ ಕಿನ್ನರದ ನನ್ನ ಗಂಡನ ಮನೆಯ ಜಗಲಿಯ ಮೇಲೆ ಬಾಟಲಿಗಳು ಸಾಲಾಗಿ ನಿಂತವು. ದೇವರಿಗೆ ಕೈಮುಗಿದು ಒಂದೊಂದೇ ಕುಡಿದೆ. ಶಿರಸಿ ಕಡೆಯ ಶುಂಠಿ ಗಂಟಲಲ್ಲಿ ಚುರುಕ್ಕೆಂದಿತು, ಖಾರವೆನ್ನುವಷ್ಟಲ್ಲ. ಜೀರಿಗೆಯದು ಬಾಣಂತನದ ಕಷಾಯದ ಹಾಗಿತ್ತು. ಮುರುಗಲದ್ದು ತವರಿನ ಹಿತ್ತಲ ಹಣ್ಣಿನದೇ, ಹುಳಿ ಹದವಾಗಿತ್ತು. ಕೇಸರಿ ಬಣ್ಣದ್ದು ಮಾತ್ರ ಏನೆಂದು ತಿಳಿಯಲಿಲ್ಲ.

"ಇದು ಎಂತಾ ಹಣ್ಣೋ?"

"ಹುಬ್ಬಳ್ಳಿ ಎಸೆನ್ಸ್ ಡಬ್ಬೀದು. ಅದ್ರ ಮರ ನಾನೂ ನೋಡಿಲ್ಲ."

"ಇದೂ ಖಾರ ಅಂದ್ರಾ?"

"ಸಪ್ಪೆ ಸೋಡಾನೂ ಖಾರ ಅಂದಾರೆ."

ನೀರು, ಗ್ಯಾಸು ಬಿಟ್ಟು ಏನೂ ಇಲ್ಲದ ಸೋಡಾ ಖಾರವಾಗುವುದು ಹೇಗೆ? ಗ್ಯಾಸು ಚುಚ್ಚುವುದನ್ನೇ ಹಾಗೆಂದರೋ? ಮತ್ತೆ ಶುಂಠಿ ಕುಡಿದೆ, ಮತ್ತೆ ಸಪ್ಪೆ ಕುಡಿದೆ. ತೇಗು ಬಂತೇ ಹೊರತು ಖಾರ ಸಿಗಲಿಲ್ಲ. ಕಡೆಕಡೆಗೆ ಜೀರಿಗೆ ಯಾವುದು, ಶುಂಠಿ ಯಾವುದು ಎಂಬುದೇ ತಿಳಿಯದಾಯಿತು.

ಅತ್ತೆ ಹೊರಗೆ ಬಂದರು. ಹಣಕೋಣದವರು, ಮನೆಯಲ್ಲಿ ಅವರದು ಕೊಂಕಣಿಯೇ, ತಮ್ಮ ಬಂದಾಗ ಮಾತ್ರ ಕನ್ನಡ.

"ಅಕ್ಕ ತಮ್ಮ ಸೇರಿ ಎಲ್ಲಾ ಖಾಲಿ ಮಾಡ್ತ್ರಿ ಕಾಣ್ತದೆ," ಎಂದು ಸಪ್ಪೆ ಸೋಡಾ ಎತ್ತಿ ಒಂದು ಗುಟುಕು ಕುಡಿದವರು ಮುಖ ಸಿಂಡರಿಸಿದರು. "ಖಾರೆಂ."

ಕೊಂಕಣಿಯಲ್ಲಿ ಹಾಗೆಂದರೆ ಉಪ್ಪುಪ್ಪು. ಇಷ್ಟು ವರ್ಷ ಅಡುಗೆಮನೆಯಲ್ಲಿ ಕೇಳಿದ ಮಾತು ತಮ್ಮನ ಬಾಯಿಂದ ಬಂದಾಗ ನನಗೆ ಕನ್ನಡವಾಗಿಬಿಟ್ಟಿತ್ತು. ಹೊಟೇಲಿನವರೂ ಕೊಂಕಣಿಯವರೇ; ಅವರ 'ಖಾರೆಂ' ಟೆಂಪೋದವನ ಬಾಯಲ್ಲಿ 'ಖಾರ' ಆಗಿರಬೇಕು.

"ಶುಂಠಿ ಅಲ್ವೋ. ನೀರು ಉಪ್ಪಾಗಿದೆ."

"ಅಪ್ಪನ ಬಾವೀದಾ? ಮತ್ತೆ ನಿಂಗೆ ಗೊತ್ತಾಗ್ಲಿಲ್ಲ?"

"ಅವ್ಳಿಗೆಂತಾ ಗೊತ್ತಾಗ್ತದೆ?" ಎಂದರು ಅತ್ತೆ. "ಇಬ್ರೂ ಆ ನೀರಲ್ಲೇ ಉಪ್ಪಿನಕಾಯಿ ಹಂಗೆ ನೆನ್ದೀರಿ."

ತಮ್ಮ ನಗಲಿಲ್ಲ. ಕಡಲ ಹತ್ತಿರದ ಬಾವಿಗೆ ಉಪ್ಪು ಈ ಬೇಸಿಗೆಯಲ್ಲಿ ಏರಿತೋ, ಮೊದಲಿನಿಂದಲೂ ಇತ್ತೋ, ಇಬ್ಬರಿಗೂ ಹೇಳಲಾಗಲಿಲ್ಲ. ಶುಂಠಿಯಾದರೆ ಕಡಿಮೆ ಮಾಡಬಹುದಿತ್ತು. ಕೊನೆಗೆ, ಗುಡ್ಡದ ಬದಿಯ ನೆರೆಮನೆಯಿಂದ ನೀರು ಹೊತ್ತು ಒಂದು ಕ್ರೇಟು ಮಾಡಿ ನೋಡುತ್ತೇನೆ ಎಂದ. ಹೊಟೇಲಿನವರು ಇನ್ನೊಂದು ಸಲಕ್ಕೆ ಬಾಗಿಲು ಮುಚ್ಚಿಲ್ಲವಲ್ಲ, ಅಷ್ಟು ದೇವರ ದಯೆ.

ಮೆಟ್ಟಿಲಿಳಿಯುವಾಗ ಕೇಳಿದ, "ಬೇರೆಯವ್ರ ನೀರು ಹಾಕಿದ್ರೆ ಅದು ಅಪ್ಪನ ಸೋಡಾ ಆಗ್ತದಾ ಅಕ್ಕಾ?"

"ಮೊದ್ಲು ಅತ್ತೆಗೆ ತಂದು ಕುಡ್ಸು," ಎಂದೆ. ಅವನು ಬಸ್ಸಿಗೆ ಹೋದ ಮೇಲೆ, ಸಂಜೆಯ ದೀಪಕ್ಕೆ ಬತ್ತಿ ಹೊಸೆಯಲು ಕುಳಿತೆ.