ಸೊಸೆಯ ಬೆಂಕಿ, ನನ್ನ ಎಣ್ಣೆ

ರೇಖಾಳ ಕತ್ತಿ ಒಡೆದದ್ದು ನನ್ನಿಂದ. ಕಬ್ಬಿಣದ ತಪ್ಪಲ್ಲ, ಬೆಂಕಿಯ ತಪ್ಪಲ್ಲ, ಅವಳ ಕಣ್ಣಿನ ತಪ್ಪಂತೂ ಅಲ್ಲವೇ ಅಲ್ಲ. ಪಕ್ಕದ ಮನೆಯ ಸಾವಿತ್ರಿ ಹೇಳಿಕೊಂಡು ತಿರುಗುವ ಹಾಗೆ ಯಾರ ದೃಷ್ಟಿಯೂ ತಾಗಿದ್ದಲ್ಲ. ನಮ್ಮೂರು ಕೇಣಿಯಲ್ಲಿ ಈ ವಿಷಯಕ್ಕೆ ಮೂರು ನಾಲ್ಕು ಕತೆ ಓಡಾಡುತ್ತಿವೆ, ಎಲ್ಲವೂ ಸುಳ್ಳು. ನಡೆದದ್ದು ಸರಿಯಾಗಿ ಗೊತ್ತಿದ್ದವಳು ನಾನು, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಅಕ್ಷರ ಸೊಟ್ಟಗಿದ್ದರೆ ನೀವೇ ನೆಟ್ಟಗೆ ಮಾಡಿಕೊಂಡು ಓದಿ.

ರೇಖಾ ನನ್ನ ಸೊಸೆ. ಹಣಕೋಣದವಳು, ತವರಿನ ಮಾತು ಕೊಂಕಣಿ. ಕಾರವಾರದ ಒಂದು ಐ.ಟಿ.ಐ.ಯಲ್ಲಿ ಫಿಟ್ಟರ್ ಕೆಲಸ ಕಲಿಸುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಬಾವಿಯ ಪಂಪಿನ ನಟ್ಟು ತುಕ್ಕು ಹಿಡಿದು ಕೂತಿತ್ತು. ನನ್ನ ಮಗ ಗಣಪತಿ ಅರ್ಧ ಗಂಟೆ ಗುದ್ದಾಡಿ ಸೋತ. ಇವಳು ಬಂದು ಸ್ಪ್ಯಾನರಿನ ಹಿಡಿಗೆ ಒಂದು ಉದ್ದ ಪೈಪು ತೂರಿಸಿ ಒಂದೇ ಸಲಕ್ಕೆ ಬಿಚ್ಚಿದಳು. ಆ ದಿನ ತಲೆ ಬಗ್ಗಿಸಿದ ಗಣಪತಿ ಇನ್ನೂ ಎತ್ತಿಲ್ಲ. ನಾನು ಬಗ್ಗಿಸಿರಲಿಲ್ಲ. ಅತ್ತೆಯಾದವಳು ಅಷ್ಟು ಬೇಗ ಬಗ್ಗಿಸಬಾರದು ಎಂದು ನನ್ನ ಅತ್ತೆ ಬಾಯಿಬಿಟ್ಟು ಹೇಳದೆಯೇ ನನಗೆ ಕಲಿಸಿ ಹೋಗಿದ್ದಳು.

ಕಳೆದ ವರ್ಷ ಇವಳಿಗೆ ಕತ್ತಿ ಮಾಡುವ ಹುಚ್ಚು ಹಿಡಿಯಿತು. ಮಾರಲಿಕ್ಕಲ್ಲ, ಸುಮ್ಮನೆ. ಬೇರೆ ಹೆಂಗಸರು ರಜೆ ದಿನ ಸೀರೆಗೆ ಕುಚ್ಚು ಕಟ್ಟುತ್ತಾರೆ, ಇವಳು ಗುಜರಿಯಿಂದ ಲಾರಿಯ ಸ್ಪ್ರಿಂಗ್ ಪಟ್ಟಿ ಹೊತ್ತುಕೊಂಡು ಬಂದಳು. ಜೊತೆಗೆ ಕೊಡದಷ್ಟು ದಪ್ಪದ, ಮೊಳದಷ್ಟು ಉದ್ದದ ಒಂದು ಕಬ್ಬಿಣದ ಪೈಪು.

"ಇದೆಂತದು?" ಅಂದೆ.

"ಒಲೆ, ಅತ್ತೆ."

"ಇದರ ಮೇಲೆ ಪಾತ್ರೆ ಎಲ್ಲಿ ಇಡೂದು?"

"ಇದರಲ್ಲಿ ಬೇಯೂದು ಕಬ್ಬಿಣ."

ನನಗೆ ಗೊತ್ತಿದ್ದ ಕಮ್ಮಾರನ ಒಲೆ ಬೇರೆ. ನಾನು ಚಿಕ್ಕವಳಿದ್ದಾಗ ಅಂಕೋಲೆಯಲ್ಲಿ ಒಬ್ಬ ಆಚಾರಿಯಿದ್ದ. ನೆಲದಲ್ಲಿ ಗುಂಡಿ, ಇದ್ದಿಲು, ಒಂದು ಚರ್ಮದ ತಿದಿ. ತಿದಿ ಎಳೆಯುವುದು ಅವನ ಹೆಂಡತಿ, ಹೆಸರು ಬರುವುದು ಅವನಿಗೆ. ರೇಖಾಳ ಒಲೆಗೆ ತಿದಿ ಇಲ್ಲ, ಇದ್ದಿಲಿಲ್ಲ, ಎಳೆಯುವವರೂ ಬೇಡ. ಹೋಟೆಲಿನವರು ತರುವಂಥ ದೊಡ್ಡ ಸಿಲಿಂಡರಿನಿಂದ ಗ್ಯಾಸು ಬರುತ್ತದೆ. ಅವಳು ಅದಕ್ಕೆ ಪ್ರೊಪೇನ್ ಅನ್ನುತ್ತಾಳೆ, ನಾನು ಗ್ಯಾಸು ಅನ್ನುತ್ತೇನೆ, ಉರಿಯುವುದು ಒಂದೇ ರೀತಿ. ಸೂಜಿಮೊನೆಯಷ್ಟು ತೂತಿನಿಂದ ಅದು ರಭಸವಾಗಿ ಹೊರಟು ತನಗೆ ಬೇಕಾದ ಗಾಳಿಯನ್ನು ತಾನೇ ಪೈಪಿನೊಳಗೆ ಎಳೆದುಕೊಳ್ಳುತ್ತದೆ. ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ಆಶ್ಚರ್ಯವಾಗಿದ್ದನ್ನು ತೋರಿಸಲಿಲ್ಲ.

ಪೈಪಿನ ಒಳಗೆ ಹತ್ತಿಯ ಹಾಗೆ ಕಾಣುವ ಬಿಳೀ ಹಾಸು ಹಾಕಿದಳು. ಎಂಥ ಬೆಂಕಿಗೂ ಸುಡುವುದಿಲ್ಲವಂತೆ, ಆದರೆ ಅದರ ಎಳೆ ಉಸಿರಿಗೆ ಹೋಗಬಾರದಂತೆ. ಮೂಗು ಬಾಯಿ ಕಟ್ಟಿಕೊಂಡು ಕೆಲಸ ಮಾಡಿದಳು, ನನ್ನನ್ನು ಹತ್ತಿರ ಬಿಡಲಿಲ್ಲ. ಆ ಹಾಸಿನ ಮೇಲೆ ಬೆಂಕಿಗೆ ಜಗ್ಗದ ಮಣ್ಣು ಮೆತ್ತಬೇಕು. ಅಲ್ಲಿ ಅವಳು ಸಿಕ್ಕಿಬಿದ್ದಳು. ಮೆತ್ತಿದ್ದು ಒಣಗಿದ ಮೇಲೆ ಬಿರಿಯಿತು. ಕಿತ್ತು ಮತ್ತೆ ಮೆತ್ತಿದಳು, ಮತ್ತೆ ಬಿರಿಯಿತು. ಮಣ್ಣಿನ ಒಲೆ ಹಾಕುವುದರಲ್ಲಿ ಈ ಕೇರಿಯಲ್ಲಿ ನನಗೆ ಸಮ ಯಾರೂ ಇರಲಿಲ್ಲ. ಎಲ್ಲರ ಮನೆಗೂ ಗ್ಯಾಸು ಬಂದ ಮೇಲೆ ಆ ವಿದ್ಯೆ ಯಾರಿಗೂ ಬೇಡವಾಗಿತ್ತು.

"ತೆಳ್ಳಗೆ ಮೆತ್ತು. ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿ ಇಡು. ಮೂರು ದಿನ ಆದಮೇಲೆ ಇನ್ನೊಂದು ಕೈ," ಅಂದೆ.

ಹಾಗೇ ಮಾಡಿದಳು. ಬಿರಿಯಲಿಲ್ಲ. ಗಣಪತಿ ಐಸ್ ಫ್ಯಾಕ್ಟರಿಯ ಕೆಲಸ ಮುಗಿಸಿ ಬಂದವನು ನೋಡಿ, "ಆಯಿ, ಇವಳು ಮನೆ ಹಾರಿಸ್ತಾಳೆ ಅಂತ ನಾ ಹೆದರ್ಕಂಡಿದ್ದೆ. ನೀನೂ ಸೇರ್ಕಂಡ್ಯಾ?" ಅಂದ. ಅವನಿಗೆ ನಾವಿಬ್ಬರೂ ಉತ್ತರ ಕೊಡಲಿಲ್ಲ. ಅತ್ತೆ ಸೊಸೆ ಒಟ್ಟಿಗೆ ಸುಮ್ಮನಿದ್ದದ್ದು ಈ ಮನೆಯಲ್ಲಿ ಅದೇ ಮೊದಲು.

ಮನೆ ಹಾರುವ ಮಾತಿಗೆ ಹೇಳುತ್ತೇನೆ. ಒಲೆ ಹಿತ್ತಲಿನ ಮಾಡಿನ ಕೆಳಗೆ, ಮೂರೂ ಕಡೆ ಬಯಲು. ಪ್ರತೀ ಸಲ ಹಚ್ಚುವ ಮೊದಲು ಪೈಪಿನ ಜೋಡಣೆಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೋ ಎಂದು ನೋಡುತ್ತಾಳೆ. ನೂರು ಸಲ ಸರಿಯಿದ್ದರೂ ನೂರೊಂದನೇ ಸಲ ನೋಡುತ್ತಾಳೆ. ನಾನು ಜೀವಮಾನದಲ್ಲಿ ಒಂದು ಸಲವೂ ಒಲೆಯನ್ನು ಹಾಗೆ ಮಾತಾಡಿಸಿದವಳಲ್ಲ.

ಆದರೂ ಮೊದಮೊದಲು ಬೆಂಕಿ ಕೆಮ್ಮುತ್ತಿತ್ತು. ಬೆಳಿಗ್ಗೆ ಚೆನ್ನಾಗಿ ಗುಂಯ್ ಅನ್ನುತ್ತ ಉರಿಯುವುದು, ಊಟ ಮುಗಿಸಿ ಹಚ್ಚಿದರೆ ಢಬ್ ಢಬ್ ಎಂದು ಹಿಂದಕ್ಕೆ ಬರುವುದು. ಅವಳು ತೂತು ಬದಲಿಸಿದಳು, ಫೋನಿನಲ್ಲಿ ಯಾರ್ಯಾರದೋ ವೀಡಿಯೊ ನೋಡಿದಳು. ನಾನು ಮೆಟ್ಟಿಲ ಮೇಲೆ ಕೂತು ಒಂದು ವಾರ ನೋಡಿ, "ಒಲೆ ಬಾಯಿ ತೆಂಕಕ್ಕೆ ತಿರುಗಿಸು. ಮಧ್ಯಾಹ್ನದ ಮೇಲೆ ಕಡಲ ಗಾಳಿ ಸೀದಾ ಬಾಯೊಳಗೆ ನುಗ್ತದೆ," ಅಂದೆ. ತಿರುಗಿಸಿದಳು. ಕೆಮ್ಮು ನಿಂತಿತು. "ಅತ್ತೆ, ಇದು ಯಾವ ವೀಡಿಯೊದಲ್ಲೂ ಇರಲಿಲ್ಲ," ಅಂದಳು. ದಡದ ಮೇಲೆ ಮೀನು ಒಣಗಿಸಿದವಳಿಗೆ ಗಾಳಿ ಯಾವ ಹೊತ್ತಿಗೆ ಎತ್ತ ತಿರುಗುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಎರಡು ಸಲ ನನ್ನ ಮಾತು ಸರಿಯಾಯಿತು. ಅಲ್ಲಿಗೆ ನನ್ನ ತಲೆ ತಿರುಗಿತು. ಮೂರನೇ ಸಲ ಮಾತೂ ಆಡದೆ ನನ್ನದೇ ಬುದ್ಧಿ ನಡೆಸಿದೆ.

ಕತ್ತಿಯ ವಿಷಯಕ್ಕೆ ಬರುತ್ತೇನೆ. ಮನೆಗೊಂದು ಮೀನುಗತ್ತಿ ಮಾಡುವುದೆಂದು ಅವಳ ಲೆಕ್ಕ, ಇಸೋಣ ಮೀನಿನ ದಪ್ಪ ಮುಳ್ಳಿಗೂ ಬಾಯಿ ಹೋಗದಂಥದ್ದು. ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬೂದಿಯಲ್ಲಿ ಹುಗಿದು ಮೆತ್ತಗೆ ಮಾಡಿದಳು. ಬಡಿದಳು, ಗರಗಸದಿಂದ ಆಕಾರ ಕೊಯ್ದಳು, ನಾಲ್ಕು ಭಾನುವಾರ ಅರದಿಂದ ಉಜ್ಜಿದಳು. ಇನ್ನು ಉಳಿದದ್ದು ಗಟ್ಟಿ ಮಾಡುವುದು. ಕೆಂಪಗೆ ಕಾಯಿಸಿ ಒಮ್ಮೆಲೇ ಎಣ್ಣೆಯಲ್ಲಿ ಅದ್ದಬೇಕು. ಆ ಒಂದು ಗಳಿಗೆಯಲ್ಲಿ ಅದು ಕತ್ತಿಯಾಗುತ್ತದೆ, ಇಲ್ಲದಿದ್ದರೆ ಕತ್ತಿಯ ಆಕಾರದ ಕಬ್ಬಿಣವಾಗಿ ಉಳಿಯುತ್ತದೆ. ಬಣ್ಣ ನೋಡಿ ತಿಳಿಯಬೇಕು. ಮೊದಲು ಮುರುಗಲ ಹಣ್ಣಿನ ಬಣ್ಣ, ಆಮೇಲೆ ದಾಸವಾಳ, ಆಮೇಲೆ ಅಬೋಲಿ, ಕನಕಾಂಬರ ಅಂತಾರಲ್ಲ, ಆ ಹೂವಿನ ಬಣ್ಣ. ಅಬೋಲಿಗೆ ತಿರುಗುವ ಹೊತ್ತಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಟ್ಟುಬಿಡುತ್ತದೆ. ಕಬ್ಬಿಣಕ್ಕೂ ಹೀಗೆ ಎಲ್ಲವನ್ನೂ ಬಿಟ್ಟುಬಿಡುವ ಹೊತ್ತು ಬರುತ್ತದೆ ಎಂದು ಎಪ್ಪತ್ತು ದಾಟಿದ ಮೇಲೆ ನನಗೆ ಗೊತ್ತಾಯಿತು.

ಅದ್ದಲಿಕ್ಕೆಂದು ಅವಳು ಗಾಣದಿಂದ ಒಂದು ಕ್ಯಾನು ತೆಂಗಿನೆಣ್ಣೆ ತಂದಿದ್ದಳು. ಹೊಸ ಕೊಬ್ಬರಿಯದ್ದು, ಮನೆ ತುಂಬ ಘಮಘಮ. "ಅತ್ತೆ, ಆ ಉದ್ದ ಡಬ್ಬಿಗೆ ಇದನ್ನ ಸುರಿದಿಡಿ," ಎಂದು ಹೇಳಿ ಒಲೆ ಹಚ್ಚಲು ಹೋದಳು.

ತಿನ್ನುವ ಎಣ್ಣೆ. ಲಾರಿಯ ಕಬ್ಬಿಣಕ್ಕೆ. ನನ್ನ ಕೈ ಏಳಲಿಲ್ಲ.

ನಮ್ಮನೆಯವರು ಇದ್ದಾಗ ಒಂದು ಸಣ್ಣ ದೋಣಿಯಿತ್ತು. ಮಳೆಗಾಲಕ್ಕೆ ಮುಂಚೆ ಅದರ ಮೈಗೆ ತಾರ್ಲಿ ಮೀನಿನ ಎಣ್ಣೆ ಬಳಿಯುತ್ತಿದ್ದರು. ಇಲ್ಲಿನ ಮರದ ದೋಣಿಗಳಿಗೆಲ್ಲ ಅದೇ ಔಷಧ. ದೋಣಿ ಹೋಯಿತು, ಅವರು ಹೋದರು, ಎಣ್ಣೆ ಡಬ್ಬಿ ಮಾತ್ರ ಕಟ್ಟಿಗೆ ಮಾಡಿನಲ್ಲಿ ಮುಚ್ಚಳ ಓರೆಯಾಗಿ ಕೂತಿತ್ತು. ದೋಣಿಯ ಮೊಳೆಗಳನ್ನು ವರ್ಷಾನುಗಟ್ಟಲೆ ಕಾಪಾಡಿದ ಎಣ್ಣೆ ಒಂದು ಕತ್ತಿಗೆ ಸಾಲದೇ ಎಂದುಕೊಂಡೆ. ತೆಂಗಿನೆಣ್ಣೆಯನ್ನು ಅಡುಗೆ ಮನೆಯ ಭರಣಿಗೆ ಸೇರಿಸಿ ಮೀನೆಣ್ಣೆಯನ್ನು ಉದ್ದ ಡಬ್ಬಿಗೆ ಬಗ್ಗಿಸಿದೆ. ಯಾರಿಗೂ ಹೇಳಲಿಲ್ಲ.

ಎಣ್ಣೆ ಸ್ವಲ್ಪ ಬೆಚ್ಚಗಿರಬೇಕೆಂದು ರೇಖಾ ಮೊದಲು ಒಂದು ಗಿಡ್ಡ ಕಬ್ಬಿಣದ ತುಂಡು ಕಾಯಿಸಿ ಮೇಲಷ್ಟೇ ಅದ್ದಿದಳು. ವಾಸನೆ ಎದ್ದಿತು.

"ಯಾರ ಮನೇಲೋ ತಾರ್ಲಿ ಹುರೀತಿದಾರೆ," ಅಂದಳು ಮುಖದ ಕಾಪಿನ ಒಳಗಿನಿಂದ.

ಕೇಣಿಯಲ್ಲಿ ಆ ವಾಸನೆಗೆ ಯಾರೂ ತಿರುಗಿ ನೋಡುವುದಿಲ್ಲ. "ಹೌದು," ಅಂದೆ.

ಕತ್ತಿ ಅಬೋಲಿಯಾಯಿತು. ಅಯಸ್ಕಾಂತ ಬಿಟ್ಟಿತು. ಇಕ್ಕಳದಲ್ಲಿ ಹಿಡಿದು ತುದಿ ಕೆಳಗೆ ಮಾಡಿ ನೆಟ್ಟಗೆ ಡಬ್ಬಿಯೊಳಗೆ ಇಳಿಸಿದಳು. ಎಷ್ಟು ಚೆಂದದ ಕೈ! ಹೆರಿಗೆ ಮಾಡಿಸುವ ಸೂಲಗಿತ್ತಿಗೆ ಇರುವಂಥ ಕೈ, ಅವಸರವಿಲ್ಲ, ನಡುಕವಿಲ್ಲ. ಮರುಕ್ಷಣ ಡಬ್ಬಿಯ ಹೊಟ್ಟೆಯೊಳಗೆ ಟಿಣ್ ಎಂದಿತು. ಎಣ್ಣೆ ಉಕ್ಕಿ ಮೇಲಕ್ಕೆ ಹಾರಿ ಹೊತ್ತಿಕೊಂಡಿತು. ನಾನು ಕೂಗಿಕೊಂಡೆ. ಅವಳು ಕೂಗಲಿಲ್ಲ. ಗ್ಯಾಸು ಬಂದ್ ಮಾಡಿ, ಡಬ್ಬಿಗೆ ಇಕ್ಕಳದಿಂದಲೇ ತಗಡಿನ ಮುಚ್ಚಳ ಹಾಕಿ ಹಿಂದೆ ಸರಿದು ನಿಂತಳು. ಬೆಂಕಿ ಸತ್ತಿತು. ಚರ್ಮದ ಏಪ್ರನ್ ಇತ್ತು, ಮುಖಕ್ಕೆ ಕಾಪಿತ್ತು. ಆದರೂ ಮೊಣಕೈ ಹತ್ತಿರ ಕಾಳುಮೆಣಸಿನಷ್ಟು ದೊಡ್ಡ ಬೊಕ್ಕೆ ಎದ್ದಿತು. ಕತ್ತಿಯ ತುದಿಯಿಂದ ಎರಡು ಬೆರಳು ಮೇಲೆ, ಕೂದಲೆಳೆಯ ಹಾಗೆ, ಅಡ್ಡ ಬಿರುಕು.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಬಿರುಕನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಜಾಸ್ತಿ ಕಾದಿದೆ. ನನಗೆ ಬಣ್ಣ ತಿಳಿಯೂದಿಲ್ಲ ಅತ್ತೆ. ಕನ್ನಡಕ ಬಂದಾಗಿಂದ ಕಣ್ಣು ಮೋಸ ಮಾಡ್ತಿದೆ. ನನ್ನ ಕಣ್ಣಿಗೇ ತಿಳಿಯದ್ದನ್ನ ನಾಳೆ ಕ್ಲಾಸಿನ ಮಕ್ಕಳಿಗೆ ಯಾವ ಬಾಯಲ್ಲಿ ಹೇಳಲಿ?" ಅಂದಳು. ಆಮೇಲೆ ವೆಲ್ಡಿಂಗ್ ಅಂಗಡಿಯ ಮಂಜುನಾಥನಿಗೆ ಫೋನು ಮಾಡಿದಳು. "ನಾಳೆ ಬೆಳಿಗ್ಗೆ ಟೆಂಪೊ ತಂದು ಒಲೆ ತಗೊಂಡು ಹೋಗು. ಸುಮ್ನೇ ತಗೋ. ನನಗಿನ್ನು ಬೇಡ."

ಅವಳು ಒಳಗೆ ಹೋದ ಮೇಲೆ, ಡಬ್ಬಿ ಆರಿದ ಮೇಲೆ, ನಾನು ಅದನ್ನು ತೆಂಗಿನ ಬುಡದಲ್ಲಿ ಬಗ್ಗಿಸಿದೆ. ಮೊದಲು ಎಣ್ಣೆ ಬಂತು. ಆಮೇಲೆ ಮಾಸಲು ಬಣ್ಣದ ನೀರು ಬಂತು, ಒಂದು ತಂಬಿಗೆಯಷ್ಟು. ಓರೆ ಮುಚ್ಚಳದ ಸಂದಿಯಿಂದ ಎಷ್ಟು ಮಳೆಗಾಲ ಒಳಗೆ ಇಳಿದಿತ್ತೋ, ತಳದಲ್ಲಿ ಕೂತಿತ್ತು. ನಾನು ಬಗ್ಗಿಸುವಾಗ ಅದೂ ಜೊತೆಗೆ ಬಂದಿದೆ. ಗಿಡ್ಡ ತುಂಡು ಎಣ್ಣೆಯಲ್ಲೇ ನಿಂತಿತು, ಉದ್ದದ ಕತ್ತಿಯ ತುದಿ ನೀರು ಮುಟ್ಟಿತು. ಕಾದ ಕಾವಲಿಗೆ ತಣ್ಣೀರು ಚಿಮುಕಿಸಿದವಳಿಗೆ ಇಷ್ಟು ಸಾಕು. ಯಾವ ವೀಡಿಯೊವೂ ಬೇಡ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಣ್ಣೆ ಮಣ್ಣಿಗೆ ಇಳಿದಾಗಿತ್ತು. ಒಲೆ ಬೆಳಿಗ್ಗೆ ಹೋಗುತ್ತಿತ್ತು. ಹಿತ್ತಲು ಮೊದಲಿನ ಹಾಗಾಗುತ್ತಿತ್ತು, ಗಣಪತಿ ನೆಮ್ಮದಿಯಾಗಿರುತ್ತಿದ್ದ. ಅವಳೊಬ್ಬಳು ಇನ್ನು ಮುಂದೆ ತನ್ನ ಕಣ್ಣನ್ನು ನಂಬದೆ ಬದುಕುತ್ತಿದ್ದಳು. ಅಷ್ಟೇ ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟೇ ಆಗಿರಲಿಲ್ಲ.

ದೀಪ ಹಚ್ಚಿದ ಮೇಲೆ ಅವಳು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು.

"ನಿನ್ ಕಣ್ಣು ಸಮಾ ಅದೆ," ಅಂದೆ.

"ಸಮಾಧಾನ ಬೇಡ ಅತ್ತೆ."

"ಸಮಾಧಾನ ಮಾಡೂಕೆ ನಂಗೆ ಬರೂದಿಲ್ಲ, ಇಷ್ಟು ವರ್ಷದಲ್ಲಿ ನಿಂಗೆ ಗೊತ್ತಾಗಿರ್ಬೇಕು. ಡಬ್ಬೀಲಿ ಇದ್ದದ್ದು ತೆಂಗಿನೆಣ್ಣೆ ಅಲ್ಲ. ದೋಣಿಯ ಮೀನೆಣ್ಣೆ. ಅಡೀಲಿ ನೀರಿತ್ತು. ಸುರಿದದ್ದು ನಾನು."

ಬೆಳ್ಳುಳ್ಳಿ ಕೈಯಲ್ಲೇ ನಿಂತಿತು. "ತೆಂಗಿನೆಣ್ಣೆ ಎಲ್ಲಿ?"

"ಭರಣೀಲಿ. ಮಧ್ಯಾಹ್ನ ಮೀನು ಹುರಿದದ್ದು ಅದರಲ್ಲೇ. ನೀನೂ ಎರಡು ತಿಂದೆ."

ಅವಳ ಬಾಯಿಂದ ಕೊಂಕಣಿಯಲ್ಲಿ ಏನೋ ಹೊರಟಿತು. ನನಗೆ ಕೊಂಕಣಿ ಅರ್ಥವಾಗುತ್ತದೆ ಎಂಬುದು ಅವಳಿಗೆ ಮರೆತುಹೋಗಿತ್ತು, ನಾನೂ ನೆನಪು ಮಾಡಲಿಲ್ಲ. ಎದ್ದು ಹೋಗಿ ಕತ್ತಿ ತಂದು ಬಿರುಕನ್ನು ಮತ್ತೆ ನೋಡಿದಳು. ಬೆರಳಿನಿಂದ ಅಳೆದಳು. "ನೀರು ಎಷ್ಟು ಆಳ ಇತ್ತು?" ಅಂದಳು. ನಾನು ಎರಡು ಬೆರಳು ತೋರಿಸಿದೆ. ಸರಿಯಾಗಿ ಅಷ್ಟಕ್ಕೇ ಬಿರುಕು ನಿಂತಿತ್ತು. ಅವಳ ಭುಜ ಇಳಿಯಿತು. ಬೆಳಿಗ್ಗೆಯಿಂದ ಎತ್ತಿ ಹಿಡಿದುಕೊಂಡಿದ್ದಳೆಂದು ಆಗಲೇ ನನಗೆ ಗೊತ್ತಾದದ್ದು.

"ಹಾಗಾದ್ರೆ ಬಣ್ಣ ಸರಿ ಇತ್ತು," ಅಂದಳು ಮೆಲ್ಲಗೆ.

"ಅಬೋಲಿನೇ ಇತ್ತು. ನಾನೂ ನೋಡಿದೆ."

"ಮುಖಕ್ಕೆ ಹಾರಿದ್ರೆ ಎಂತಾಗ್ತಿತ್ತು ಗೊತ್ತಾ ಅತ್ತೆ?"

"ಗೊತ್ತು."

"ಒಂದು ಸಲ 'ತಪ್ಪಾಯ್ತು' ಅನ್ನಿ, ನೋಡುವಾ."

"ಅದು ನನ್ ಬಾಯಲ್ಲಿ ಬರೂದಿಲ್ಲ ಮಾರಾಯ್ತಿ," ಅಂದೆ. ನಿಜವಾಗಿಯೂ ಪ್ರಯತ್ನಪಟ್ಟೆ. ಬರಲಿಲ್ಲ. ಊಟದ ಹೊತ್ತಿಗೆ ಗಣಪತಿ ಬಂದು ನಮ್ಮಿಬ್ಬರ ಮುಖ ನೋಡಿ, ಏನೂ ಕೇಳದೆ ಅನ್ನ ಕಲಸಿಕೊಂಡ. ಅಷ್ಟು ಬುದ್ಧಿ ಅವನಿಗೆ ಬಂದಿದೆ.

ಮರುದಿನ ಬೆಳಿಗ್ಗೆ ಮಂಜುನಾಥ ಟೆಂಪೊ ತಂದ. "ಒಲೆ ಎಲ್ಲಿ ಅಮ್ಮಾ?" ಅಂದ. "ಚಾ ಕುಡಿದು ಹೋಗು, ಒಲೆ ಕೊಡೂದಿಲ್ಲ," ಅಂದೆ. ಅವನು ಹೋದ ಮೇಲೆ ಹಿತ್ತಲಿಗೆ ಹೋಗಿ, ರೇಖಾ ಆಕಾರ ಕೊಯ್ದು ಇಟ್ಟಿದ್ದ ಎರಡನೇ ಪಟ್ಟಿಯನ್ನು ವೈಸಿನ ದವಡೆಗೆ ಸಿಕ್ಕಿಸಿ ಬಿಗಿದು, ಸೆರಗು ಸೊಂಟಕ್ಕೆ ಕಟ್ಟಿ, ಅರ ಹಿಡಿದು ಉಜ್ಜತೊಡಗಿದೆ. ಅರೆಯುವ ಕಲ್ಲಿನ ಮುಂದೆ ಐವತ್ತು ವರ್ಷ ಕೂತ ತೋಳು ಇನ್ನೂ ಗಟ್ಟಿಯಿದೆ. ಬಸ್ಸಿಗೆ ಹೊರಟ ರೇಖಾ ಚೀಲ ಹಾಕಿಕೊಂಡು ಬಂದು, ಸ್ವಲ್ಪ ಹೊತ್ತು ನಿಂತು ನೋಡಿದಳು.

"ಒತ್ತೂದು ಮುಂದಕ್ಕೆ ಹೋಗುವಾಗ ಮಾತ್ರ ಅತ್ತೆ. ಹಿಂದೆ ಎಳೀವಾಗ ಅರ ಎತ್ತಬೇಕು."

ಇಷ್ಟು ವಯಸ್ಸಿಗೆ ಕೈ ಹೇಗೆ ಇಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

ಅರ ಎತ್ತಿದೆ.