ಉಪ್ಪಿನ ಕೋಣೆಯ ಗೋಡೆ

ಕೊಯ್ನಾ ಕಣಿವೆ ನಡುಗಿದ ಆ ಡಿಸೆಂಬರಿನಲ್ಲಿ ಕರಂಜಖೋರೆಯ ಮಾರುತಿ ಗುಡಿಯ ಶಿಖರ ಉರುಳಿತು, ಶಾಲೆ ಮಣ್ಣುಗುಡ್ಡೆಯಾಯಿತು, ಹನ್ನೊಂದು ಜನ ಸತ್ತರು. ಪೇಟೆಯಲ್ಲಿ ನೆಟ್ಟಗೆ ನಿಂತ ದೊಡ್ಡ ಕಟ್ಟಡವೆಂದರೆ ಶೇಟೆಯವರ ಜನರಲ್ ಸ್ಟೋರ್ಸ್ ಒಂದೇ. ನಾಲ್ಕು ಹೆಂಚು ಜಾರಿದ್ದು ಬಿಟ್ಟರೆ ಅದಕ್ಕೆ ಏನೂ ಆಗಿಲ್ಲವೆಂದು ಜನ ಹೇಳಿಕೊಂಡರು. ಮನೆ ಕಳೆದುಕೊಂಡವರು ಅದರ ಕಟ್ಟೆಯ ಮೇಲೆ ಹಾಸಿಗೆ ಬಿಚ್ಚಿದರು. "ಶೇಟೆ ಅಂಗಡಿ ನಿಂತೈತಿ ಅಂದ್ರ ಊರು ನಿಂತಂಗ" ಎಂಬ ಮಾತು ಬಾಯಿಂದ ಬಾಯಿಗೆ ಹೋಯಿತು.

ಅಂಗಡಿ ನಡೆಸುತ್ತಿದ್ದವಳು ದ್ವಾರಕಾಬಾಯಿ. ಆಗ ಅವಳಿಗೆ ನಲವತ್ತೊಂದು. ಗಂಡ ತ್ರ್ಯಂಬಕ ವಿಷಮಜ್ವರದಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಕರಾಡದಲ್ಲಿದ್ದ ಮೈದುನ "ಅಂಗಡಿ ಮುಚ್ಚಿ ನಮ್ಮನಿಗೆ ಬಂದುಬಿಡು, ಅಡಿಗಿಮನಿ ನೋಡ್ಕೊಂಡಿರು" ಎಂದು ಹೇಳಿ ಕಳಿಸಿದ್ದ. ಅಡಿಗೆಮನೆ ನೋಡಿಕೊಂಡಿರುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅವಳು ಹೋಗಲಿಲ್ಲ. ಸೀಮೆಎಣ್ಣೆ, ಬೆಲ್ಲ, ಲಾಟೀನಿನ ಗಾಜು, ಬಳಪ, ಗುಂಡಿ, ಕುಂಕುಮ ಎಲ್ಲವನ್ನೂ ತಾನೇ ತೂಗಿ, ತಾನೇ ಕಟ್ಟಿ ಕೊಡುತ್ತಿದ್ದಳು.

ಆ ಕಟ್ಟಡ ಒಂದೇ ಸಲ ಎದ್ದದ್ದಲ್ಲ. ಗಂಡನ ಅಜ್ಜ ಮಹಾದಬಾ ಘಾಟಿನ ಕೆಳಗಿನ ಚಿಪಳೂಣದಿಂದ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಬಂದವನು. ಮೊದಲು ಉಪ್ಪಿಗೆಂದು ಒಂದು ಕೋಣೆ ಕಟ್ಟಿದ. ಉಪ್ಪು ಕೈಹಿಡಿದ ಮೇಲೆ ಅದರ ಮುಂದೆ ಕಲ್ಲಿನ ಕಟ್ಟೆ, ಅಂಗಡಿ ಎದ್ದವು. ಅವನ ಮಗ ಸಾಗುವಾನಿ ತೊಲೆ ಹಾಕಿ ಮೇಲೆ ದೊಡ್ಡ ಮಾಳಿಗೆ ಏರಿಸಿದ. ಏಣಿಮೆಟ್ಟಿಲು ಇಟ್ಟದ್ದು ಉಪ್ಪಿನ ಕೋಣೆಯ ಹಿಂದಿನ ಗೋಡೆಗೆ, ಹಿತ್ತಲಿನ ಕಡೆಯಿಂದ. ಮೂರು ತಲೆಮಾರು ಅದೇ ಗೋಡೆಗೆ ಒಳಗಿನಿಂದ ಉಪ್ಪಿನ ಚೀಲ ಪೇರಿಸಿತು. ದ್ವಾರಕಾಬಾಯಿಯೂ ಪೇರಿಸಿದಳು.

ಭೂಕಂಪದ ಮರುದಿನ ಚೀಲಗಳನ್ನು ಸರಿಸುವಾಗಲೇ ಅವಳು ಆ ಗೋಡೆಯಲ್ಲಿ ಬಿರುಕನ್ನು ಕಂಡದ್ದು. ನೆಲದಿಂದ ಎದೆಯೆತ್ತರದವರೆಗೆ ಕೂದಲೆಳೆಯಷ್ಟು. ಸುಣ್ಣ ಬಿರಿದಿರಬೇಕು ಎಂದುಕೊಂಡಳು. ಆಮೇಲೆ ದಿನಕ್ಕೊಂದು ಸಲವಾದರೂ ಹಾಗೆಯೇ ಅಂದುಕೊಂಡಳು.

ಜನವರಿಯಲ್ಲಿ ಶಾಲೆಯ ವಾಮನ ಗುರುಜಿ ಕಟ್ಟೆಯ ಕೆಳಗೆ ಬಂದು ನಿಂತರು. "ವಹಿನಿ, ಹುಡುಗ್ರು ಆಲದಮರದ ಕೆಳಗ ಥಂಡಿಗೆ ನಡಗ್ತಾವ. ನಿಮ್ಮ ಮಾಳಿಗಿ ಖಾಲಿ ಐತಲ್ಲ, ಮಳಿಗಾಲ ಬರೂ ಮುಂಚೆ ಬ್ಯಾರೆ ವ್ಯವಸ್ಥಾ ಮಾಡ್ಕೋತೀನಿ."

ಕಟ್ಟೆಯ ಮೇಲಿದ್ದವರೆಲ್ಲ ಅವಳ ಮುಖ ನೋಡಿದರು. ಇಲ್ಲ ಎನ್ನಲು ಕಾರಣ ಹೇಳಬೇಕಾಗಿತ್ತು. "ಕರ್ಕೊಂಡು ಬರ್ರಿ" ಎಂದಳು.

ಐವತ್ತಮೂರು ಮಕ್ಕಳು ಮಾಳಿಗೆ ಹತ್ತಿದವು.

ಮುಂದಿನ ವಾರ ಸರಕಾರದ ಓವರ್ಸಿಯರ್ ಪಾರಸನೀಸ ಬಂದರು. ಬಿರುಕು ಬಿಟ್ಟ ಮನೆಗಳಲ್ಲಿ ಬಿರುಕಿಗೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿ ಅಂಟಿಸುತ್ತಿದ್ದರು. ಗಾಜು ಒಡೆದರೆ ಗೋಡೆ ಸರಿಯುತ್ತಿದೆ ಎಂದು ಲೆಕ್ಕ. ಅಂಥ ಮನೆಯ ಬಾಗಿಲಿಗೆ ಕೆಂಪು ಬಣ್ಣದ ಗುರುತು ಬೀಳುತ್ತಿತ್ತು, ಮನೆ ಕೆಡವುತ್ತಿದ್ದರು. ಅವರು ಬರುವ ಸುದ್ದಿ ಕೇಳಿದ ದ್ವಾರಕಾಬಾಯಿ ಬೆಳಗಾಗುತ್ತಲೇ ಬಿರುಕಿನ ಮುಂದೆ ಒಂಬತ್ತು ಚೀಲ ಒಟ್ಟಿದಳು. ಓವರ್ಸಿಯರ್ ಮುಂದಿನ ಕಂಬ, ತೊಲೆ ತಟ್ಟಿ ನೋಡಿದರು.

"ಹಿಂದ?"

"ಹಿಂದ ಉಪ್ಪು, ಸಾಹೇಬ್ರ. ಕಾಲಿಡಾಕ ಜಾಗಿಲ್ಲ."

"ಗಟ್ಟಿ ಕಟ್ಟಡ ಐತಿ ಬಿಡ್ರಿ ಕಾಕೂ" ಎಂದು ಅವರು ಚಹಾ ಕುಡಿದು ಹೋದರು. ಅವರು ಚೀಲ ಸರಿಸಿ ನೋಡಲಿಲ್ಲವೆಂದು ಅವಳಿಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಮಾರನೆಯ ದಿನ ಅವಳೇ ಕಿಟಕಿಯ ಒಡಕು ಗಾಜನ್ನು ಕತ್ತರಿಸಿ, ಗಾರೆ ಕಲಸಿ ಬಿರುಕಿಗೆ ಅಡ್ಡಲಾಗಿ ಹಚ್ಚಿದಳು. ಆಮೇಲೆ ಅವಳ ಜೀವವೆಲ್ಲ ಆ ಬೆರಳಗಲದ ಗಾಜಿನಲ್ಲೇ ಸಿಕ್ಕಿಕೊಂಡಿತು. ಗಿರಾಕಿಗೆ ಸಕ್ಕರೆ ತೂಗುತ್ತ ತೂಗುತ್ತ "ಬಂದೆ" ಎಂದು ಒಳಗೆ ಹೋಗುವಳು. ಊಟದ ನಡುವೆ ಭಾಕರಿ ಮುರಿದ ಕೈಯಲ್ಲೇ ಎದ್ದು ಹೋಗುವಳು. ಮೇಲೆ ಮಕ್ಕಳು ಒಟ್ಟಿಗೆ ಎದ್ದು ನಿಂತರೆ ತೊಲೆ ಗುಂಯ್ ಎನ್ನುತ್ತಿತ್ತು, ಅವಳ ಕೈಯ ತಕ್ಕಡಿ ಅಲ್ಲೇ ನಿಲ್ಲುತ್ತಿತ್ತು. ನೆಲವಿನ್ನೂ ವಾರಕ್ಕೆರಡು ಸಲ ನಡುಗುತ್ತಿತ್ತು. ಡಬ್ಬಿಗಳು ಕಟಕಟ ಎಂದೊಡನೆ ಮಕ್ಕಳು ಆಟದ ಹಾಗೆ "ಬಂತು, ಬಂತು!" ಎಂದು ಕೂಗುತ್ತಿದ್ದವು. ಅವಳು ಚೀಲ ಸರಿಸಿ ನೋಡುವಳು. ಗಾಜು ಒಡೆದಿರುತ್ತಿರಲಿಲ್ಲ.

ಪಕ್ಕದ ಓಣಿಯ ಮುದುಕಿ ಗೋದಾಆಜಿ ನಶ್ಯ ಕೊಳ್ಳಲು ಬಂದವಳು ಒಮ್ಮೆ ಕೇಳಿಯೇಬಿಟ್ಟಳು: "ಏನ ದ್ವಾರಕಾ, ಒಳಗ ಯಾರನ್ನ ಬಚ್ಚಿಟ್ಟೀಯವಾ? ತಾಸಿಗೆ ನಾಕ್ ಸಲ ಓಡತೀ!" ಕಟ್ಟೆಯವರು ನಕ್ಕರು. ದ್ವಾರಕಾಬಾಯಿಯೂ ನಕ್ಕಳು. ಗೋದಾಆಜಿಯ ಮೊಮ್ಮಗಳು ಶಾಲಿನಿ ಮಾಳಿಗೆಯ ಮೂಲೆಯಲ್ಲಿ, ಸರಿಯಾಗಿ ಆ ಗೋಡೆಯ ಮೇಲೆಯೇ ಕೂರುತ್ತಿದ್ದಳು.

ಎಪ್ರಿಲ್ ಕೊನೆಯಲ್ಲಿ ಹತ್ತು ದಿನ ನೆಲ ಅಲುಗಲಿಲ್ಲ. ದ್ವಾರಕಾಬಾಯಿಗೆ ಊಟ ರುಚಿಸತೊಡಗಿತು. ಹನ್ನೊಂದನೆಯ ದಿನ ಮುಂಜಾನೆ, ಮೇಲೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದ ಹೊತ್ತಿನಲ್ಲಿ, ಅವಳು ಸುಮ್ಮನೆ ಅಭ್ಯಾಸಬಲದಿಂದ ಚೀಲ ಸರಿಸಿದಳು.

ಗಾಜು ನಡುವೆ ಒಡೆದಿತ್ತು.

ನೆಲ ನಡುಗಿರಲಿಲ್ಲ, ಗಾಳಿಯೂ ಬೀಸಿರಲಿಲ್ಲ. ಗೋಡೆ ತನ್ನಷ್ಟಕ್ಕೆ ತಾನೇ ಸರಿದಿತ್ತು. ಬಿರುಕಿನೊಳಗೆ ಅವಳ ಕಿರುಬೆರಳು ಹೋಯಿತು.

ಮೆಟ್ಟಿಲ ಬುಡದಲ್ಲಿ ಎಷ್ಟು ಹೊತ್ತು ನಿಂತಳೋ ಅವಳಿಗೇ ಗೊತ್ತಿಲ್ಲ. ಆಮೇಲೆ ಕಾಲು ಮೆಲ್ಲಗೆ ಇಡುತ್ತ ಹತ್ತಿ ಹೋದಳು.

"ಗುರುಜಿ, ಹುಡುಗ್ರನ್ನ ಕೆಳಗ ಕಳಸ್ರಿ."

"ಈಗೇನು ವಹಿನಿ? ಮುಂದಿನ ವಾರ ಪರೀಕ್ಷಾ ಐತಿ."

"ಕಳಸ್ರಿ ಅಂದ್ನಲ್ಲ." ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಹಿಂದಿನ ಗ್ವಾಡಿ ಬಿಟ್ಟೈತ್ರಿ. ಡಿಸೆಂಬರ್‌ನಿಂದ ನನಗ ಗೊತ್ತೈತಿ."

ಗುರುಜಿ ಮೂಲೆಯ ಮಕ್ಕಳ ಕಡೆ ತಿರುಗಿ ನೋಡಿದರು. ಆದರೂ ಅವರು ಕೂಗಾಡಲಿಲ್ಲ. ಮಕ್ಕಳೆಲ್ಲ ಒಮ್ಮೆಲೇ ಮೆಟ್ಟಿಲಿಗೆ ಧಾವಿಸಿದರೆ ಏನಾದೀತೆಂದು ಇಬ್ಬರಿಗೂ ಹೊಳೆದಿತ್ತು. "ಇವತ್ತು ಹೊಸಾ ಆಟ" ಎಂದರು ಗುರುಜಿ. "ಬೆಕ್ಕಿನ ಹೆಜ್ಜಿ. ಸಪ್ಪಳ ಮಾಡಿದವ್ರು ಸೋತಂಗ. ಮೂಲ್ಯಾಗಿನವ್ರು ಮೊದಲ, ಮೂರ್ ಮೂರ್ ಮಂದಿ."

ದ್ವಾರಕಾಬಾಯಿ ಮೆಟ್ಟಿಲ ನಡುವೆ, ಗೋಡೆಗೆ ಬೆನ್ನು ಕೊಟ್ಟು ನಿಂತಳು. ಬೆನ್ನು ಕೊಟ್ಟರೆ ಗೋಡೆ ನಿಲ್ಲುವುದೇ? ಆದರೂ ನಿಂತಳು. ಶಾಲಿನಿ ಬಾಯಿಗೆ ಕೈಯಿಟ್ಟು ನಗು ತಡೆಯುತ್ತ ಇಳಿದುಹೋದಳು. ಬೆನ್ನ ಹಿಂದೆ ಸುಣ್ಣ ಉದುರುತ್ತಿರುವುದು ಸೆರಗಿನೊಳಗೂ ತಿಳಿಯುತ್ತಿತ್ತು. ಐವತ್ತೊಂದು, ಐವತ್ತೆರಡು. ಐವತ್ತಮೂರನೆಯವನು ಮರೆತ ಬರೆಯುವ ಪಾಟಿ ತರಲು ತಿರುಗಿದಾಗ ಅವಳು ಅವನ ರಟ್ಟೆ ಹಿಡಿದು ಎತ್ತಿಕೊಂಡೇ ಇಳಿದಳು.

ಹೇಳಿಕಳಿಸಿದ ಮೇಲೆ ಮಧ್ಯಾಹ್ನ ಓವರ್ಸಿಯರ್ ಪಾರಸನೀಸ ಬಂದು ಚೀಲಗಳನ್ನೆಲ್ಲ ಹೊರಗೆ ಹಾಕಿಸಿದರು. ಇಟ್ಟಿಗೆ ಕೆರೆದರೆ ಹಿಟ್ಟಿನಂತೆ ಉದುರಿತು. ಚಿಟಿಕೆ ತೆಗೆದು ನಾಲಗೆಗೆ ಹಚ್ಚಿದರು.

"ಭೂಕಂಪ ನೆಪ ಅಷ್ಟ ಕಾಕೂ. ಅರವತ್ತು ವರ್ಷ ಉಪ್ಪು ತಿಂದೈತಿ ಈ ಗ್ವಾಡಿ. ಅವತ್ತ ತೋರಿಸಿದ್ರ ಊರುಗೋಲು ಕೊಟ್ಟು ಉಳಸಬಹುದಿತ್ತು."

ಮೂರನೆಯ ದಿನ, ಅದನ್ನು ಕೆಡವಲು ಬಂದಿದ್ದ ಆಳುಗಳು ಚಹಾಕ್ಕೆ ಹೋಗಿದ್ದಾಗ, ಗೋಡೆ ಹಿತ್ತಲಿಗೆ ಒರಗಿತು. ಏಣಿಮೆಟ್ಟಿಲೂ ಮಾಳಿಗೆಯ ಅರ್ಧವೂ ಅದರೊಡನೆ ಹೋದವು. ಧೂಳು ಇಳಿದ ಮೇಲೆ ನೋಡಿದರೆ ಗುರುಜಿಯ ಕಪ್ಪುಹಲಗೆ ಉಳಿದರ್ಧದ ಅಂಚಿನಲ್ಲಿ ತೂಗಾಡುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ.

ಕೆಲವರು ಅವಳನ್ನು ಹೊಗಳಿದರು. ಹೊಗಳಿಕೆ ಕೇಳಿದಾಗಲೆಲ್ಲ ಅವಳು ಒಳಗೆ ಎದ್ದು ಹೋಗುತ್ತಿದ್ದಳು. ಗೋದಾಆಜಿ ಮಾತ್ರ ನಡುಪೇಟೆಯಲ್ಲಿ ನಿಂತು ಅಂದಳು: "ನಾಕ್ ತಿಂಗಳು ನನ್ನ ಮೊಮ್ಮಗಳನ್ನ ಸಾವಿನ ಮ್ಯಾಲೆ ಕುಂಡ್ರಿಸಿ, ಕೆಳಗ ಕುಂತು ನನಗ ನಶ್ಯ ಮಾರಿದೆಲ್ಲೇ!" ಆಜಿ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟಳು.

ಅಂಗಡಿಯ ಮುಂದಿನ ಭಾಗಕ್ಕೆ ಕಲ್ಲಿನ ಆಸರೆ ಕೊಟ್ಟು ಉಳಿಸಿದರು. ಶಾಲೆ ತಗಡಿನ ಶೆಡ್ಡಿಗೆ ಹೋಯಿತು. ಅಂಗಡಿ ಅರ್ಧವಾಯಿತು, ಉಪ್ಪು ಹಿತ್ತಲಿನ ಕಲ್ಲುಬಾನಿಗೆ ಸೇರಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಸಂಜೆ ದ್ವಾರಕಾಬಾಯಿ ತಾನಾಗಿ ಗೋದಾಆಜಿಯ ಮನೆಗೆ ನಡೆದಳು. ಹೊಸ್ತಿಲ ಹೊರಗೇ ನಿಂತಳು.

"ತಪ್ಪಾತು ಆಜಿ. ಅಂಗಡಿ ಹೋದೀತಂತ ಅಂಜಿದ್ದೆ."

ಆಜಿ ಒಲೆ ಊದಿದಳು. "ಅಂಜಿಕಿ ಯಾರಿಗಿಲ್ಲ? ನನ್ನ ಸಿಟ್ಟು ಇಳಿಯೂ ಸಿಟ್ಟಲ್ಲ ದ್ವಾರಕಾ, ಸುಳ್ಳ ಯಾಕ ಹೇಳ್ಲಿ." ಆಮೇಲೆ ಮಣೆಯನ್ನು ಕಾಲಿನಿಂದ ಮುಂದೆ ತಳ್ಳಿದಳು. "ಮಳ್ಯಾಗ ನೆನೀಬ್ಯಾಡ, ಒಳಗ ಬಾ. ಚಹಾ ಕುಡದು ಹೋಗು."