ಅವ್ವನ ಅಳು

ಅಣ್ಣ ಧಾರವಾಡದ ಉಸ್ತಾದರೊಬ್ಬರ ಮನೆಯಲ್ಲಿ ನೀರು ಹೊತ್ತು ಹಿಂದುಸ್ತಾನಿ ಕಲಿತವನು. ಕಲಿತದ್ದನ್ನು ಹಾಡಿದರೆ ಅವನಿಗೆ ಸಾಲದು, ಹೊಸದನ್ನು ಕಟ್ಟುವ ಹುಚ್ಚು. ಹುಬ್ಬಳ್ಳಿಯ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತ ಎಲ್ಲ ಹಾಡುಗಳಿಗೂ ಧಾಟಿ ಕೂಡಿಸುತ್ತಿದ್ದ. ಜನ ಈಗಲೂ ಅವನನ್ನು ಹೊಗಳುತ್ತಾರೆ. ನನಗೆ ಮಾತ್ರ ಸಿಟ್ಟು ಇಳಿದಿಲ್ಲ.

ನಮ್ಮಕ್ಕ ಬಾಣಂತಿತನದಲ್ಲಿ ತೀರಿಕೊಂಡಳು. ನಮ್ಮ ಉಪ್ಪಿನಬೆಟಗೇರಿ ಕಡೆ ಹೆಣದ ಮುಂದೆ ಹೆಂಗಸರು ಬರೀ ಅಳುವುದಿಲ್ಲ, ಹಾಡಿ ಅಳುತ್ತಾರೆ. ಸತ್ತವರ ಗುಣ, ನಡೆ, ಉಟ್ಟ ಸೀರೆ ಎಲ್ಲ ಅದರಲ್ಲಿ ಬರುತ್ತದೆ. ಅವ್ವ ಅಂದು ಅತ್ತದ್ದನ್ನು ಕೇಳಿ ಓಣಿಗೆ ಓಣಿಯೇ ಅತ್ತಿತು. ಅಣ್ಣ ಗೋಡೆಗೆ ಒರಗಿ ಕಣ್ಣೀರು ಸುರಿಸುತ್ತಿದ್ದ, ಸುಳ್ಳು ಹೇಳಲಾರೆ. ಆದರೆ ತೊಡೆಯ ಮೇಲೆ ಅವನ ಬೆರಳುಗಳು ಪೇಟಿ ಬಾರಿಸಿದಂತೆ ಆಡುತ್ತಿದ್ದವು. ನೋಡಿ ನನಗೆ ಮೈ ಉರಿಯಿತು.

ಮುಂದಿನ ವರ್ಷ ಹೊಸ ನಾಟಕ ತೋರಿಸಲು ಅಣ್ಣ ಅವ್ವನನ್ನೂ ನನ್ನನ್ನೂ ಹುಬ್ಬಳ್ಳಿಗೆ ಕರೆದೊಯ್ದ. ಮಗಳನ್ನು ಕಳೆದುಕೊಂಡ ರಾಣಿಯ ಪಾರ್ಟಿನಲ್ಲಿದ್ದ ಗಂಡಸು ಹಾಡತೊಡಗಿದ. ಜೋಗಿಯಾ ರಾಗಕ್ಕೆ ತಂದು ತಿದ್ದಿದ್ದರೂ ಅದು ಅವ್ವನ ಅಳುವೇ. ಅವಳು ಬಿಕ್ಕಿ ಉಸಿರು ಎಳೆದುಕೊಂಡ ಜಾಗವನ್ನೂ ಅಣ್ಣ ಬಿಟ್ಟಿರಲಿಲ್ಲ. ಜನ ‘ವನ್ಸ್ ಮೋರ್’ ಎಂದು ಕೂಗಿದರು. ರಾಣಿ ಪಾರ್ಟಿನವನು ಮತ್ತೆ ಹಾಡಿದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಳು.

“ಹೆಂಗಿತ್ತಬೇ ಯವ್ವಾ?” ಎಂದು ಅಣ್ಣ ಆಮೇಲೆ ಕೇಳಿದ.

“ಛಲೋ ಇತ್ತಪಾ,” ಎಂದಳು.

ಆ ಹಾಡಿನಿಂದ ಅಣ್ಣನ ಹೆಸರು ಬೆಳಗಾವಿ, ಸಾಂಗ್ಲಿಯವರೆಗೂ ಹೋಯಿತು. ಕೆಲವು ವರ್ಷ ಮೆರೆದ. ಆಮೇಲೆ ಮಾತಾಡುವ ಸಿನೆಮಾ ಬಂದು ಕಂಪನಿ ಮುಳುಗಿತು. ಪೇಟಿ ಹೊತ್ತುಕೊಂಡು ಊರಿಗೆ ಬಂದವನು ವಿಷಮಜ್ವರದಿಂದ ಮಲಗಿದ, ಏಳಲಿಲ್ಲ.

ಹೆಣದ ಸುತ್ತ ಹೆಂಗಸರು ಕಾದು ಕುಳಿತರು. ತಾಯಿ ಮೊದಲು ದನಿ ಎತ್ತಬೇಕು, ಉಳಿದವರು ಕೂಡಿಕೊಳ್ಳಬೇಕು, ಅದು ನಮ್ಮ ಪದ್ಧತಿ. ಅವ್ವ ಶುರು ಮಾಡಿದಳು. ಬಾಗಿಲಲ್ಲಿ ಕಂಪನಿಯ ಹಳೆಯ ಜನ ನಿಂತಿದ್ದರು. ರಾಣಿ ಪಾರ್ಟಿನವನು ದುಃಖ ತಡೆಯಲಾರದೆ, ಅದೇ ಧಾಟಿಯಲ್ಲಿ, ಅವಳ ಜೊತೆ ದನಿಗೂಡಿಸಿದ. ಎಂಥ ಕಂಠ ಅದು! ಹೆಂಗಸರೆಲ್ಲ ತಿರುಗಿ ಅವನನ್ನು ನೋಡತೊಡಗಿದರು. ಅವ್ವ ತಟ್ಟನೆ ನಿಲ್ಲಿಸಿಬಿಟ್ಟಳು.

ನಾನು ಅವಳ ಭುಜ ಹಿಡಿದು ಅಲುಗಿಸಿದೆ. “ಅಳಬೇ ಯವ್ವಾ, ಅಳು. ನಿನ್ನ ಮಗಾ ಅದಾನ.”

“ನಾ ಅತ್ತರ ನಾಟಕ ಆಕ್ಕೈತಿ,” ಎಂದಳು.

ಅಣ್ಣನನ್ನು ಹಾಗೆಯೇ ಎತ್ತಿಕೊಂಡು ಹೋದರು.